ಬೈಸೆಪ್ಸ್‌ನಿಂದ ಮಗ್ಗಕ್ಕೆ: ಸ್ನಾಯು ದಣಿವಿನ ವಿದ್ಯುತ್ ಅಳತೆಯ ಬಗ್ಗೆ ಒಂದು ತಕರಾರು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಲಿಖಿತ ರೂಪ)

ಐಐಟಿ ಮದ್ರಾಸ್‌ನ ರಾಮಕೃಷ್ಣನ್ ಮತ್ತು ಸಂಗಡಿಗರ 2018ರ ಪ್ರಬಂಧವನ್ನು ನಮ್ಮಲ್ಲಿ ಬಹಳ ಜನ ಓದಿದ್ದೀರಿ. 52 ಆರೋಗ್ಯವಂತರ ಬೈಸೆಪ್ಸ್ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಇಎಂಜಿ ಸಂಕೇತ ತೆಗೆದು, ‘ದಣಿದಿದೆ’, ‘ದಣಿದಿಲ್ಲ’ ಎಂದು ಯಂತ್ರಕಲಿಕೆಯಿಂದ ವಿಂಗಡಿಸಿದ ಕೆಲಸ ಅದು. ನಿಖರತೆ ಶೇ. 91. ಚಲಿಸುವ ತೋಳಿನ ಸಂಕೇತ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೂ ಬೇರೆ ಎಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ಒಳ್ಳೆಯ ಕೆಲಸವೇ. ನನ್ನ ತಕರಾರು ಅದನ್ನು ಹಾಗೇ ಎತ್ತಿಕೊಂಡು ಕಾರ್ಖಾನೆಗೆ ಹೋಗುವವರ ಜೊತೆ.

ವೆಳ್ಳಕೋಯಿಲ್ ತಗೊಳ್ಳಿ. ತಿರುಪ್ಪೂರು ಜಿಲ್ಲೆಯ ಪವರ್‌ಲೂಮ್ ಊರು. ಕೊಂಗು ನಾಡಿನ ನೇಕಾರರಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗರೂ ಇದ್ದಾರೆ. ಅಲ್ಲಿ ಒಬ್ಬರೇ ಹಲವು ಮಗ್ಗ ನೋಡಿಕೊಳ್ಳಬೇಕು: ಲಾಳಿಯ ಕಂಡಿಕೆ ಬದಲಿಸುವುದು, ಹರಿದ ಎಳೆಗೆ ಗಂಟು ಹಾಕುವುದು, ಇಡೀ ಪಾಳಿ ನಿಂತು ಓಡಾಡುವುದು. ಭಾರ ಕಡಿಮೆ, ಹೊತ್ತು ಹೆಚ್ಚು. ಡಂಬೆಲ್ ಎತ್ತುವುದಕ್ಕೆ ಇದು ಪೂರ್ತಿ ಉಲ್ಟಾ.

ಸ್ನಾಯು ದಣಿದಂತೆ ಸಂಕೇತ ನಿಧಾನವಾಗುವುದನ್ನು ಪೈಪರ್ 1912ರಲ್ಲೇ ಗುರುತಿಸಿದ್ದರು. ಇಂದು ನಾವು ಅದನ್ನು ಮೀಡಿಯನ್ ಫ್ರೀಕ್ವೆನ್ಸಿಯ ಇಳಿತವಾಗಿ ಅಳೆಯುತ್ತೇವೆ, ಅಂದರೆ ಸಂಕೇತದ ಶಕ್ತಿಯನ್ನು ಸರಿಯಾಗಿ ಎರಡು ಪಾಲು ಮಾಡುವ ಆವೃತ್ತಿ. ಒಂದೇ ಭಂಗಿಯಲ್ಲಿ ಗಟ್ಟಿಯಾಗಿ ಹಿಡಿದಾಗ ಈ ಇಳಿತ ಚೆನ್ನಾಗಿ ಕಾಣುತ್ತದೆ. ಹಗುರ ಕೆಲಸದಲ್ಲಿ ಹಾಗಲ್ಲ, ಹೊಸ ತಂತುಗಳು ಸೇರಿಕೊಂಡು ಇಳಿತವನ್ನೇ ಮುಚ್ಚಿಬಿಡಬಹುದು. ಜೊತೆಗೆ ಕೊಂಗು ನಾಡಿನ ಬೇಸಿಗೆ! ಸ್ನಾಯು ಬಿಸಿಯಾದರೆ ತಂತುಗಳಲ್ಲಿ ಸಂಕೇತದ ವೇಗ ಹೆಚ್ಚುತ್ತದೆ, ಆವೃತ್ತಿ ಮೇಲೇರುತ್ತದೆ. ಬೆವರಿಗೆ ಎಲೆಕ್ಟ್ರೋಡ್ ಸಡಿಲವಾಗುವುದು, ಮೋಟರಿನ 50 ಹರ್ಟ್ಸ್ ಗದ್ದಲ, ಇವನ್ನೆಲ್ಲ ಫಿಲ್ಟರಿಗೆ ಬಿಡೋಣ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎಡ್ವರ್ಡ್ಸ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದಂತೆ, ಒಂದು ಬಗೆಯ ದಣಿವು ಗಂಟೆಗಟ್ಟಲೆ ಉಳಿಯುತ್ತದೆ. ಕಡಿಮೆ ಆವೃತ್ತಿಯ ಪ್ರಚೋದನೆ ಕೊಟ್ಟಾಗ ಬಲ ಕುಗ್ಗಿರುತ್ತದೆ, ಆದರೆ ಇಎಂಜಿ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಯಾಕೆಂದರೆ ದೋಷ ಇರುವುದು ಪೊರೆಯ ವಿದ್ಯುತ್ತಿನಲ್ಲಿ ಅಲ್ಲ, ಅದರಿಂದಾಚೆ, ಸಂಕೋಚನವನ್ನು ಹುಟ್ಟಿಸುವ ಹಂತದಲ್ಲಿ. ನಮ್ಮ ಎಲೆಕ್ಟ್ರೋಡಿಗೆ ಅದು ಕಾಣುವುದೇ ಇಲ್ಲ. ಪಾಳಿ ಮುಗಿಸಿದವರು ‘ಕೈ ಸೋತುಹೋಗಿದೆ’ ಅಂದಾಗ ನಾವು ಗ್ರಾಫ್ ತೋರಿಸಿ ‘ಇಲ್ಲವಲ್ಲ’ ಅನ್ನುವುದು ಯಾವ ವಿಜ್ಞಾನ? ಅಂಥ ವರದಿ ಮಾಲೀಕರ ಕೈಗೆ ಹೋದರೆ ಅದರ ಅರ್ಥ ಇನ್ನೊಂದು ಮಗ್ಗ ಹೆಚ್ಚು ನೋಡಿಕೋ ಎಂದು.

ಪ್ರಶ್ನೆ (ಒಬ್ಬ ವಿದ್ಯಾರ್ಥಿ): ಹಾಗಾದರೆ ಇಎಂಜಿ ಬಿಟ್ಟೇಬಿಡೋಣ್ವಾ, ಮೇಡಂ?

ಬೇಡಪ್ಪ. ಕೆಲಸದ ನಡುವೆ ಅಳೆಯುವ ಬದಲು, ಗಂಟೆಗೊಮ್ಮೆ ಅವರನ್ನು ಮಗ್ಗದಿಂದ ಈಚೆ ಕರೆದು, ಅದೇ ಭಂಗಿ, ಅದೇ ತೂಕ, ಕೆಲವು ಸೆಕೆಂಡು ಹಿಡಿಸಿ ಅಳೆಯಿರಿ. ಚರ್ಮದ ಉಷ್ಣತೆ ಬರೆದಿಡಿ. ಲುಟ್‌ಮನ್ ಮತ್ತು ಸಂಗಡಿಗರ ವಿಧಾನದಂತೆ ವೈಶಾಲ್ಯ, ಆವೃತ್ತಿ ಎರಡನ್ನೂ ಒಟ್ಟಿಗೆ ನೋಡಿ: ಎರಡೂ ಏರಿದರೆ ಬಲ ಹೆಚ್ಚಿದೆ, ವೈಶಾಲ್ಯ ಏರಿ ಆವೃತ್ತಿ ಇಳಿದರೆ ದಣಿವು. ಪ್ರತಿ ಸಲವೂ ಬೋರ್ಗ್ ಮಾಪಕದಲ್ಲಿ ಅವರ ಅನಿಸಿಕೆ ಕೇಳಿ, ಕನ್ನಡದಲ್ಲೋ ತಮಿಳಿನಲ್ಲೋ, ಅವರ ಮಾತಲ್ಲಿ. ನೋವು, ಜೋಮು, ಸುಸ್ತು ಮೂರನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಗ್ರಾಫಿಗೂ ಅವರ ಮಾತಿಗೂ ಹೊಂದದಿದ್ದರೆ ಆ ಸಾಲನ್ನು ‘ಎರರ್’ ಅಂತ ಅಳಿಸಬೇಡಿ. ಫಲಿತಾಂಶದ ಕೋಷ್ಟಕದಲ್ಲೇ ಇರಲಿ.