ಮೇಘನಾದವಧ ಕಾವ್ಯವೂ ಅದರ ಕವಿಯ ಅವಸಾನವೂ

ವಂಗಭಾಷೆಯ ಮಹಾಕವಿ ಮೈಕೇಲ್ ಮಧುಸೂದನ ದತ್ತರು 1873ನೆಯ ಇಸವಿ ಜೂನ್ 29ರಂದು ಕಲ್ಕತ್ತೆಯ ಆಲಿಪುರದ ಜನರಲ್ ಆಸ್ಪತ್ರೆಯಲ್ಲಿ ದೇಹತ್ಯಾಗ ಮಾಡಿದರು. ಆಗ ಅವರಿಗೆ 49 ವರ್ಷ. ಯಕೃತ್ತು ಕೆಟ್ಟಿತ್ತು, ಗಂಟಲಿನ ಬೇನೆಯೂ ಜಲೋದರವೂ ಬಾಧಿಸುತ್ತಿದ್ದವು. ಸಾಲಗಾರರ ಕಾಟದಿಂದ ಸ್ವಂತ ಮನೆಯಿಲ್ಲದೆ ಉತ್ತರಪಾಡಾದ ಗ್ರಂಥಾಲಯದ ಕಟ್ಟಡದಲ್ಲಿ ಕೆಲವು ವಾರ ಕಳೆದು, ಕೊನೆಗೆ ಮುಖ್ಯವಾಗಿ ಯೂರೋಪಿಯನರಿಗೆಂದು ಏರ್ಪಟ್ಟಿದ್ದ ಆ ಆಸ್ಪತ್ರೆಯಲ್ಲಿ ಮಿತ್ರರ ನೆರವಿನಿಂದ ಹಾಸಿಗೆ ಪಡೆದಿದ್ದರು. ಅವರ ಜೀವನಸಂಗಾತಿ ಹೆನ್ರಿಯೆಟ್ಟಾ ಮೂರು ದಿನ ಮೊದಲೇ, ಜೂನ್ 26ರಂದು, ತೀರಿಹೋಗಿದ್ದರು. ಆ ವಾರ್ತೆಯನ್ನು ಕೇಳಿದ ಕವಿಯು ರಾಣಿಯ ಮರಣವನ್ನು ಕೇಳಿ ಮ್ಯಾಕ್‌ಬೆತ್ ಆಡುವ ಮಾತುಗಳನ್ನು ಷೇಕ್ಸ್‌ಪಿಯರನ ನಾಟಕದಿಂದ ನೆನೆದು ಹೇಳಿದರೆಂದು ಜೀವನಚರಿತ್ರೆಗಳಲ್ಲಿ ಬರೆದಿದೆ.

ಈ ಮರಣವನ್ನು ನೀತಿಕಥೆಯಾಗಿ ಹೇಳುವ ರೂಢಿಯೊಂದು ಬೆಳೆದಿದೆ. ದತ್ತರು 1843ರಲ್ಲಿ ಮತಾಂತರ ಹೊಂದಿ ತಂದೆತಾಯಿಗಳನ್ನು ನೋಯಿಸಿದರು, ದುಂದುಗಾರರಾಗಿದ್ದರು, ಮದ್ಯಾಸಕ್ತರಾಗಿದ್ದರು, ಆದಕಾರಣ ಆಸ್ಪತ್ರೆಯ ಮಂಚವು ಅವರ ಕರ್ಮಕ್ಕೆ ತಕ್ಕ ಫಲವೆಂಬುದು ಆ ಕಥೆಯ ತಾತ್ಪರ್ಯ. ದೋಷಗಳು ಇದ್ದುದು ನಿಜ. ಆದರೆ ಅಂಥ ತೀರ್ಪಿನ ವಿಷಯದಲ್ಲಿ ಅವರ ಕಾವ್ಯವೇ ಏನು ಹೇಳುತ್ತದೆಂಬುದನ್ನು ಸಹೃದಯರು ವಿಚಾರಿಸುವುದು ಯುಕ್ತ.

1861ರಲ್ಲಿ ಪ್ರಕಟವಾದ ‘ಮೇಘನಾದವಧ ಕಾವ್ಯ’ದಲ್ಲಿ ಒಂಬತ್ತು ಸರ್ಗಗಳಿವೆ. ಎಂಟನೆಯದರಲ್ಲಿ, ಶಕ್ತ್ಯಾಯುಧದಿಂದ ಮೂರ್ಛಿತನಾದ ಲಕ್ಷ್ಮಣನನ್ನು ಬದುಕಿಸುವ ಉಪಾಯವನ್ನು ತಂದೆಯಿಂದ ತಿಳಿಯಲು ಶ್ರೀರಾಮನು ಮಾಯಾದೇವಿಯೊಡನೆ ಪ್ರೇತಪುರಿಗೆ ಹೋಗುತ್ತಾನೆ. ಅಲ್ಲಿಯ ದ್ವಾರದಲ್ಲಿ ಜ್ವರ, ಯಕ್ಷ್ಮ, ವಿಷೂಚಿಕೆ, ಉನ್ಮಾದ ಮೊದಲಾದ ವ್ಯಾಧಿಗಳು ಮೂರ್ತಿವೆತ್ತು ನಿಂತಿವೆ. ಹೊಟ್ಟೆಬಾಕತನವೂ ಆ ಸಾಲಿನಲ್ಲಿಯೇ ಸೇರಿದೆ. ವರ್ಜಿಲನ ಆರನೆಯ ಕಾಂಡದ ಪಾತಾಳದ್ವಾರವನ್ನೂ ಮಿಲ್ಟನನ ಹನ್ನೊಂದನೆಯ ಕಾಂಡದ ರೋಗಿಶಾಲೆಯನ್ನೂ ಬಲ್ಲವರಿಗೆ ಈ ಕಲ್ಪನೆಯ ಮೂಲವು ಗುಪ್ತವಲ್ಲ. ವರ್ಣನೆಯು ಭಯಾನಕ ಬೀಭತ್ಸಗಳನ್ನು ಚೆನ್ನಾಗಿ ಪೋಷಿಸುತ್ತದೆ. ಆದರೂ ಸರ್ಗವು ದೀರ್ಘವಾಯಿತು. ಪಾಪಿಗಳ ಪಟ್ಟಿ ಬೆಳೆದಂತೆ ರಸವು ಇಳಿಯುತ್ತದೆ. ಇಲ್ಲಿ ರೋಗವು ಯಮನ ಭೃತ್ಯ, ರೋಗಿಯು ಅಪರಾಧಿ. ಕವಿಯ ಮರಣವನ್ನು ನೀತಿಕಥೆ ಮಾಡುವವರು, ತಮಗೆ ತಿಳಿಯದೆಯೇ, ಈ ಸರ್ಗವನ್ನು ಅವರ ಮೇಲೆಯೇ ಪ್ರಯೋಗಿಸುತ್ತಾರೆ.

ಲೋಕವು ಈ ಮತವನ್ನು ದಾಟಿ ಬಂದಿದೆ. ಮುಂದೆ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯೆಂದು ಹೆಸರಾದ ಆ ಆಸ್ಪತ್ರೆಯ ಬಳಿಯ ಚಿಕ್ಕ ಪ್ರಯೋಗಶಾಲೆಯಲ್ಲಿ, 25 ವರ್ಷಗಳ ಅನಂತರ, 1898ರಲ್ಲಿ, ರೋನಾಲ್ಡ್ ರಾಸರು ಪಕ್ಷಿಗಳಲ್ಲಿ ಮಲೇರಿಯಾ ಹರಡುವುದು ಸೊಳ್ಳೆಯಿಂದಲೇ ಎಂಬುದನ್ನು ಸಿದ್ಧಪಡಿಸಿದರು. ಜ್ವರವು ಯಮನ ದ್ವಾರವನ್ನು ಬಿಟ್ಟು ಸೊಳ್ಳೆಯ ಮೈಗೆ ಬಂದಿತು. ಕಾರಣವನ್ನು ಅರಿಯುವುದು ಬೇರೆ, ಕಳಂಕವನ್ನು ಹೊರಿಸುವುದು ಬೇರೆ. ಮದ್ಯದಿಂದ ಯಕೃತ್ತು ಕೆಡುವುದೆಂದು ಹೇಳುವವನು ವೈದ್ಯ. ಕೆಟ್ಟುದು ಒಳ್ಳೆಯದಾಯಿತೆನ್ನುವವನು ವೈದ್ಯನೂ ಅಲ್ಲ, ಸಹೃದಯನೂ ಅಲ್ಲ.

ದತ್ತರ ಪ್ರತಿಭೆಯ ನಿಜವಾದ ನೆಲೆ ಒಂಬತ್ತನೆಯ ಸರ್ಗ. ನಿಕುಂಭಿಲಾ ಯಜ್ಞಗೃಹದಲ್ಲಿ ಆಯುಧವಿಲ್ಲದೆ ಮಡಿದ ಮೇಘನಾದನ ಅಂತ್ಯಕ್ರಿಯೆಗಾಗಿ ಏಳು ದಿನ ಯುದ್ಧವನ್ನು ನಿಲ್ಲಿಸಬೇಕೆಂದು ರಾವಣನು ಮಂತ್ರಿಯಾದ ಸಾರಣನನ್ನು ಕಳುಹಿಸುತ್ತಾನೆ. ಬೇಡುವವನು ಸೀತಾಪಹಾರಿ. ಅವನ ದುಃಖವು ಅವನ ಕರ್ಮದ ಫಲವೇ ಎಂಬುದರಲ್ಲಿ ರಾಮನಿಗೆ ಸಂಶಯವಿಲ್ಲ. ಆದರೂ ಆ ಮಾತನ್ನು ಎತ್ತಿ ಹಂಗಿಸದೆ, ಶತ್ರುವಿನ ಶೋಕಕ್ಕೆ ತಾನೂ ನೊಂದು, ಏಳು ದಿನದ ಶಾಂತಿಯನ್ನು ಕೊಟ್ಟು, ಗೌರವಾರ್ಥವಾಗಿ ಅಂಗದನನ್ನು ಸಮುದ್ರತೀರಕ್ಕೆ ಕಳುಹಿಸುತ್ತಾನೆ. ಪ್ರಮೀಳೆ ಪತಿಯೊಡನೆ ಚಿತೆಯೇರುತ್ತಾಳೆ; ಮುದಿ ತಂದೆ ನೋಡುತ್ತ ನಿಲ್ಲುತ್ತಾನೆ. ಕಾವ್ಯವು ವಿಜಯದಲ್ಲಿ ಮುಗಿಯದೆ ಲಂಕೆಯ ಏಳು ದಿನದ ಅಳಲಿನಲ್ಲಿ ಮುಗಿಯುತ್ತದೆ. ರಾಮನನ್ನು ಅನೇಕ ಕಡೆ ದುರ್ಬಲನಂತೆ ಚಿತ್ರಿಸಿದ ದೋಷಕ್ಕೆ ಈ ಸರ್ಗದಲ್ಲಿ ಕವಿಯು ಪ್ರಾಯಶ್ಚಿತ್ತ ಮಾಡಿಕೊಂಡಂತಿದೆ.

ರಾಮಾಯಣದ ಅಂಗಿರಸವು ಕರುಣವೆಂದು ಆನಂದವರ್ಧನನು ನಿರ್ಣಯಿಸಿದ್ದಾನೆ. ಆ ಕರುಣವು ಪಾತ್ರಾಪಾತ್ರವನ್ನು ನೋಡಿ ಹರಿಯುವುದಿಲ್ಲ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನ ಪಶ್ಚಾತ್ತಾಪವನ್ನು ಕಂಡು ಮರುಗಿದ ಕನ್ನಡ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ದತ್ತರ ಜೀವಿತದಲ್ಲಿಯೂ ಇದನ್ನು ಅರಿತು ನಡೆದವರೊಬ್ಬರಿದ್ದರು. ಕವಿಯು ಫ್ರಾನ್ಸಿನ ವರ್ಸೇಲ್ಸಿನಲ್ಲಿ ದಾರಿದ್ರ್ಯದಿಂದ ಕಂಗೆಟ್ಟಾಗ ಹಣ ಕಳುಹಿಸಿ ಉಳಿಸಿದವರು ಸಂಸ್ಕೃತ ಕಾಲೇಜಿನ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು. ಬೇಡಿದವನ ಮತವನ್ನಾಗಲಿ ದುಂದನ್ನಾಗಲಿ ಅವರು ಮೊದಲು ವಿಚಾರಿಸಲಿಲ್ಲ.

ಆಲಿಪುರದಲ್ಲಿ ಪ್ರಾಣ ಹೋದಮೇಲೆ ಶವಸಂಸ್ಕಾರಕ್ಕೂ ಕ್ರೈಸ್ತ ಪುರೋಹಿತರಲ್ಲಿ ಕೆಲವರು ಹಿಂಜರಿದರೆಂದು ಚರಿತ್ರಕಾರರು ಬರೆದಿದ್ದಾರೆ. ಹಿಂದೂಗಳಿಗೆ ಅವರು ಹೊರಗಾಗಿದ್ದರು. ಕ್ರೈಸ್ತರಿಗೆ ಪೂರ್ತಿ ಒಳಗಾಗಿರಲಿಲ್ಲ. ಲೋಯರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ ಕೊನೆಗೆ ಸ್ಥಳ ದೊರೆಯಿತು. ರಾವಣನಿಗೆ ರಾಮನು ಕೇಳಿದೊಡನೆ ಕೊಟ್ಟುದನ್ನು ಆ ಪ್ರಸಂಗವನ್ನು ಬರೆದ ಕವಿಗೆ ಅವನ ಕಾಲದವರು ತಡೆದು ಕೊಟ್ಟರು. ಈಗಿನ ವಾಚಕರು ತಡೆಯಬೇಕಾದ ಕಾರಣವಿಲ್ಲ. ಕಾವ್ಯವನ್ನು ಎಂಟನೆಯ ಸರ್ಗದಲ್ಲಿ ಮುಚ್ಚಿಡದೆ ಒಂಬತ್ತನೆಯದನ್ನೂ ಓದಿ ಮುಗಿಸಿದರೆ ಸಾಕು.