ನಮ್ಮ ವೈರಸ್ಸನ್ನು ನಾವೇ ಓದಬೇಕು

ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಎಚ್‌ಐವಿಗೆ ಗುಳಿಗೆ ಪಡೆಯುವವರು ವೈರಲ್ ಲೋಡ್ ಪರೀಕ್ಷೆಗೂ ರಕ್ತ ಕೊಡುತ್ತಾರೆ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ವೈರಸ್ಸಿನ ಎಷ್ಟು ಪ್ರತಿಗಳಿವೆ ಎಂಬ ಅಂಕಿ ಬರುತ್ತದೆ. ಗುಳಿಗೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಷ್ಟು ಸಾಕು. ಆದರೆ ಆ ವೈರಸ್ಸು ಯಾವ ಬಗೆಯದು, ಹತ್ತು ವರ್ಷದಲ್ಲಿ ಎಷ್ಟು ಬದಲಾಗಿದೆ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಇದೇ ಊರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು. 2012ರಲ್ಲಿ 'ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ'ಯಲ್ಲಿ ಬಂದ ಅವರ ಪ್ರಬಂಧಕ್ಕೆ ಸಿಗಬೇಕಾದಷ್ಟು ಗಮನ ನಮ್ಮಲ್ಲಿ ಸಿಕ್ಕಿಲ್ಲ.

ಜಗತ್ತಿನ ಎಚ್‌ಐವಿ ಸೋಂಕಿನಲ್ಲಿ ಸುಮಾರು ಅರ್ಧದಷ್ಟು ಸಿ ಉಪಬಗೆಯದು. ಭಾರತದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಅದರದೇ ಮೇಲುಗೈ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿ ಕಾಣುವುದು ಬಿ. ಸಂಶೋಧನೆಯ ಬಹುಪಾಲು ನಡೆದದ್ದೂ ಬಿ ಮೇಲೆಯೇ. ವೈರಸ್ಸಿನ ವಂಶವಾಹಿಯಲ್ಲಿ ಅದರ ಚಟುವಟಿಕೆಯನ್ನು ಶುರುಮಾಡುವ ಸ್ವಿಚ್ಚಿನಂಥ ಭಾಗವೊಂದಿದೆ. ನಮ್ಮ ಜೀವಕೋಶದ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನು ಬಂದು ಕೂರುವ ತಾಣಗಳು ಬಿ ಉಪಬಗೆಯ ಈ ಭಾಗದಲ್ಲಿ ಸಾಮಾನ್ಯವಾಗಿ ಎರಡು, ಸಿಯಲ್ಲಿ ಮೂರು. ನಾಲ್ಕು ತಾಣಗಳಿರುವ ಸಿ ವೈರಸ್ಸುಗಳು ಭಾರತದಲ್ಲಿ ಹಬ್ಬುತ್ತಿವೆ ಎಂದು ರಂಗ ತಂಡ ತೋರಿಸಿತು.

ಈ ಕೆಲಸದ ಬಲ ಅದರ ವಿಧಾನದಲ್ಲಿದೆ. ಈ ನಾಲ್ಕನೆಯ ತಾಣವೊಂದನ್ನು ಬಿಟ್ಟರೆ ಉಳಿದಂತೆ ಒಂದೇ ಆಗಿರುವ ಎರಡು ವೈರಸ್ಸುಗಳನ್ನು ಅದೇ ಜೀವಕೋಶಗಳಲ್ಲಿ ಒಟ್ಟಿಗೆ ಬೆಳೆಸಿದರು. ನಾಲ್ಕು ತಾಣದ್ದು ಗೆದ್ದಿತು. ಎರಡೂ ಬಗೆ ಒಟ್ಟಿಗೇ ತಗುಲಿದ ರೋಗಿಗಳಲ್ಲೂ ಅದೇ ಮುಂದಿತ್ತು. ಮಿತಿಯನ್ನೂ ಹೇಳಬೇಕು. ನಾಲ್ಕು ತಾಣದ ವೈರಸ್ ಇದ್ದವರ ರಕ್ತದಲ್ಲಿ ವೈರಲ್ ಲೋಡ್ ಹೆಚ್ಚಿತ್ತು, ರೋಗನಿರೋಧಕ ಸಿಡಿ4 ಜೀವಕೋಶಗಳ ಎಣಿಕೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದು ಹೆಚ್ಚು ಸುಲಭವಾಗಿ ಹರಡುತ್ತದೆ ಎಂಬುದನ್ನು ಲೇಖಕರೇ ಸಂಭವವೆಂದಷ್ಟೇ ಹೇಳಿದ್ದಾರೆ. ಇದನ್ನೇ ಹಿಡಿದು 'ಭಾರತದ ಭಯಂಕರ ತಳಿ' ಎಂದು ಬರೆಯುವುದು ಪ್ರಬಂಧಕ್ಕೂ ರೋಗಿಗಳಿಗೂ ಮಾಡುವ ಅನ್ಯಾಯ.

ಲಸಿಕೆಗೆ ಇದರಿಂದೇನು? ನೇರವಾಗಿ ಹೆಚ್ಚೇನಿಲ್ಲ. ಪ್ರತಿಕಾಯಗಳು ಗುರುತಿಸುವುದು ವೈರಸ್ಸಿನ ಹೊರಕವಚವನ್ನು. ಈ ಸ್ವಿಚ್ಚು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಊರಿನ ತಳಿಗೆ ಹೊಂದಿಸಿ ಲಸಿಕೆ ಮಾಡಿದರೆ ಸಾಕೆಂಬ ನಂಬಿಕೆಯೂ ಉಳಿದಿಲ್ಲ. ಭಾರತದ ಸಿ ತಳಿಯಿಂದಲೇ ರೂಪಿಸಿದ ಟಿಬಿಸಿ-ಎಂ4 ಲಸಿಕೆಯ ಮೊದಲ ಹಂತದ ಪ್ರಯೋಗ 2006ರಲ್ಲಿ ಚೆನ್ನೈನಲ್ಲಿ ಶುರುವಾಯಿತು, ಪರಿಣಾಮ ಅಳೆಯುವ ದೊಡ್ಡ ಪ್ರಯೋಗದವರೆಗೆ ಹೋಗಲಿಲ್ಲ. ಸಿ ಉಪಬಗೆಗೆಂದೇ ಹೊಂದಿಸಿದ ಲಸಿಕೆಯನ್ನು ದಕ್ಷಿಣ ಆಫ್ರಿಕಾದಲ್ಲಿ 5,400ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದರು. 2020ರಲ್ಲಿ ಲೆಕ್ಕ ಹಾಕಿದಾಗ ಲಸಿಕೆ ಪಡೆದವರಲ್ಲಿ 129, ಹುಸಿಮದ್ದು ಪಡೆದವರಲ್ಲಿ 123 ಸೋಂಕುಗಳಾಗಿದ್ದವು. ಪ್ರಯೋಗ ಅಲ್ಲಿಗೇ ನಿಂತಿತು.

ಹಾಗೆಂದು ಪ್ರಾದೇಶಿಕ ವೈವಿಧ್ಯದ ಅಧ್ಯಯನ ವ್ಯರ್ಥವೆನ್ನುವವರನ್ನು ನಾನು ಒಪ್ಪುವುದಿಲ್ಲ. 2021ರಲ್ಲಿ ಫಲಿತಾಂಶ ಬಂದ ವಿಆರ್‌ಸಿ01 ಪ್ರತಿಕಾಯದ ಪ್ರಯೋಗ ನೋಡಿ. ಒಟ್ಟಾರೆ ಅದು ಸೋಂಕು ತಡೆಯಲಿಲ್ಲ. ಆದರೆ ಅದಕ್ಕೆ ಬಗ್ಗುವ ವೈರಸ್ಸುಗಳ ವಿರುದ್ಧ ಸುಮಾರು ಶೇ. 75ರಷ್ಟು ರಕ್ಷಣೆ ಕೊಟ್ಟಿತು. ಆ ಪ್ರಯೋಗ ನಡೆದ ಊರುಗಳಲ್ಲಿ ಅಂಥ ವೈರಸ್ಸುಗಳೇ ಕಡಿಮೆ ಇದ್ದವು. ಬೆಂಗಳೂರಿನಲ್ಲಿ ಹರಿದಾಡುವ ವೈರಸ್ಸು ಯಾವ ಪ್ರತಿಕಾಯಕ್ಕೆ ಬಗ್ಗುತ್ತದೆ ಎಂದು ತಿಳಿಯಬೇಕಾದರೆ ಇಲ್ಲಿನ ರಕ್ತದಲ್ಲೇ ನೋಡಬೇಕು, ಮತ್ತೆ ಮತ್ತೆ ನೋಡಬೇಕು. 2012ರ ಪ್ರಬಂಧದ ನಿಜವಾದ ಬೆಲೆ ಇಲ್ಲಿದೆ: ಒಂದೇ ದಶಕದಲ್ಲಿ ನಮ್ಮ ವೈರಸ್ಸು ಬದಲಾಗಬಲ್ಲದೆಂದು ಅದು ದಾಖಲೆಸಹಿತ ತೋರಿಸಿತು.

ಈ ಕಾವಲು ಒಂದೆರಡು ಪ್ರಯೋಗಾಲಯಗಳ ಉತ್ಸಾಹದ ಮೇಲೆ ನಿಲ್ಲಬಾರದು. ಬೌರಿಂಗ್‌ನಂಥ ಕೇಂದ್ರಗಳಲ್ಲಿ ಹೊಸದಾಗಿ ಹೆಸರು ಬರೆಸುವವರ ಒಪ್ಪಿಗೆ ಪಡೆದು, ಅವರ ಗುರುತು ಹೊರಬೀಳದಂತೆ, ಒಂದಿಷ್ಟು ಮಾದರಿಗಳ ವಂಶವಾಹಿಯನ್ನು ಪ್ರತಿವರ್ಷ ಓದುವ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕು.