ಬ್ರಷ್ಷೇ ಸಾಕು: ಹಳೆಯ ಮಿಯಾಟಾ ಮತ್ತು ಇಂಜಿನ್ ವಾಶ್

ಮೊದಲ ತಲೆಮಾರಿನ ಮಾಜ್ದಾ ಮಿಯಾಟಾದ ಬಾನೆಟ್ ಎತ್ತಿದರೆ ಕಣ್ಣು ಮೊದಲು ಹೋಗುವುದು ಟ್ಯಾಪೆಟ್ ಕವರ್ ಮೇಲೆ. 1989ರ ಷಿಕಾಗೊ ಆಟೊ ಶೋನಲ್ಲಿ ಹೊರಬಂದ ಈ ಎರಡು ಸೀಟಿನ ಕಾರನ್ನು ರೂಪಿಸಿದ್ದು ತೋಷಿಹಿಕೊ ಹಿರಾಯ್ ಅವರ ಮುಂದಾಳತ್ವದ ತಂಡ. ಹಳೆಯ ಬ್ರಿಟಿಷ್, ಇಟಾಲಿಯನ್ ಟ್ವಿನ್ ಕ್ಯಾಮ್ ಇಂಜಿನ್‌ಗಳು ನೆನಪಾಗುವ ಹಾಗೆ ಆ ಅಲ್ಯೂಮಿನಿಯಂ ಕವರನ್ನು ಅವರು ಎರಕ ಹೊಯ್ಯಿಸಿದರು. ಎರಡು ಉದ್ದನೆಯ ಉಬ್ಬು, ನಡುವೆ ನಾಲ್ಕು ಪ್ಲಗ್ ವೈರು. ಈಗಿನ ಕಾರುಗಳಲ್ಲಿರುವ ಪ್ಲಾಸ್ಟಿಕ್ ಮುಚ್ಚಳ ಇಲ್ಲಿಲ್ಲ. ನೋಡಲೆಂದೇ ಮಾಡಿದ ಇಂಜಿನ್ ಇದು. ಅದನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕೆಂಬ ಆಸೆ ಸಹಜ, ಸರಿ ಕೂಡ. ಆ ಆಸೆ ತೀರಿಸಿಕೊಳ್ಳಲು ಹೆಚ್ಚಿನವರು ಹಿಡಿಯುವ ದಾರಿಯ ಬಗ್ಗೆ ಮಾತ್ರ ನನ್ನ ತಕರಾರು. ಪ್ರೆಷರ್ ಗನ್ ಹಿಡಿದು ಇಡೀ ಇಂಜಿನ್ನಿಗೆ ನೀರು ಹೊಡೆಯುವುದು, ಒಣಗುವ ಮೊದಲೇ ಮೇಲೆ ಸಿಲಿಕೋನ್ ಸ್ಪ್ರೇ ಹಾಕಿ ಮಿಂಚಿಸುವುದು, ಇಷ್ಟನ್ನೇ ಇಂಜಿನ್ ವಾಶ್ ಎಂದು ಕರೆಯುವುದು.

ಮನೆಯಲ್ಲಿ ಬಳಸುವ ಸಣ್ಣ ಪ್ರೆಷರ್ ವಾಷರ್ ಕೂಡ 100 ಬಾರ್ ದಾಟುತ್ತದೆ. ಕಾರಿನ ವೈರಿಂಗ್ ಕನೆಕ್ಟರುಗಳಲ್ಲಿ ರಬ್ಬರ್ ಸೀಲು ಇರುವುದು ರಸ್ತೆಯಿಂದ ಸಿಡಿಯುವ ನೀರನ್ನು ತಡೆಯಲು. ಮೂವತ್ತು ವರ್ಷ ಇಂಜಿನ್ ಶಾಖ ತಿಂದ ಸೀಲು ಗಟ್ಟಿಯಾಗಿ ತನ್ನ ಜಾಗದಲ್ಲೇ ಕುಗ್ಗಿರುತ್ತದೆ. ಅಷ್ಟು ಒತ್ತಡದ ನೀರು ಅದನ್ನು ದಾಟಿ ಒಳಗೆ ಹೋದರೆ ಹೊರಗೆ ಬರುವುದು ಕಷ್ಟ. ಅಂದೇ ಏನೂ ಆಗದಿರಬಹುದು. ತಿಂಗಳುಗಳ ನಂತರ ತಾಮ್ರಕ್ಕೆ ಹಸಿರು ಕಿಲುಬು ಹಿಡಿದು ಕಾರು ಎಲ್ಲೋ ನಿಂತಾಗ ಆ ವಾಶ್ ಯಾರಿಗೂ ನೆನಪಾಗುವುದಿಲ್ಲ.

ಮಿಯಾಟಾಕ್ಕೆ ಇನ್ನೊಂದು ಸಂಕಟ ಇದೆ. ಪ್ಲಗ್‌ಗಳು ಎರಡು ಕ್ಯಾಮ್‌ಗಳ ನಡುವೆ ಆಳವಾದ ಗುಳಿಗಳಲ್ಲಿ ಕೂತಿವೆ. ಪ್ಲಗ್ ವೈರಿನ ರಬ್ಬರ್ ಟೋಪಿ ಬಿರುಕು ಬಿಟ್ಟಿದ್ದರೆ ನೀರು ನೇರ ಗುಳಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಸ್ಟಾರ್ಟ್ ಮಾಡಿದೊಡನೆ ಇಂಜಿನ್ ಮಿಸ್ಸಿಂಗ್ ಶುರು. ಜನ ಕಾಯಿಲ್ ಹೋಯಿತೆಂದು ಹೊಸದು ತರಿಸುತ್ತಾರೆ, ಗುಳಿಯ ತಳದಲ್ಲಿ ನಿಂತ ಒಂದೆರಡು ಚಮಚ ನೀರನ್ನು ಯಾರೂ ನೋಡುವುದಿಲ್ಲ. 1.6 ಲೀಟರ್ ಇಂಜಿನ್ನಿನ ಗಾಳಿ ಅಳೆಯುವ ಮೀಟರು, ಗಾಳಿ ಹೋಗಲು ಕಿಂಡಿ ಬಿಟ್ಟ ಆಲ್ಟರ್ನೇಟರು, ಹಿಂಬದಿಯ ಕಾಯಿಲ್ ಪ್ಯಾಕು, ಇವಕ್ಕೂ ನೀರು ಆಗಿಬರುವುದಿಲ್ಲ.

ನೀರಿನ ಬದಲು ಸೀಮೆಎಣ್ಣೆಯೋ ಡೀಸೆಲ್ಲೋ ಸಿಂಪಡಿಸುವ ರೂಢಿ ನಮ್ಮ ಊರುಗಳ ಸರ್ವಿಸ್ ಸ್ಟೇಷನ್ನುಗಳಲ್ಲಿ ಬಹಳ ಹಳೆಯದು. ಜಿಡ್ಡು ಕರಗುತ್ತದೆ ನಿಜ. ಆದರೆ ಕೂಲಂಟ್ ಹೋಸುಗಳನ್ನು ಸಾಮಾನ್ಯವಾಗಿ ಮಾಡುವುದು ಇಪಿಡಿಎಂ ಎಂಬ ರಬ್ಬರಿನಿಂದ. ಬಿಸಿನೀರು, ಕೂಲಂಟ್ ಎರಡನ್ನೂ ಅದು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಖನಿಜ ಎಣ್ಣೆ ತಾಗಿದರೆ ಮಾತ್ರ ಊದಿಕೊಂಡು ಮೆತ್ತಗಾಗುತ್ತದೆ. ಪೆಟ್ರೋಲಿನ ಮಾತು ಬೇಡವೇ ಬೇಡ, ಬೆಂಕಿಗೆ ಒಂದು ಕಿಡಿ ಸಾಕು.

ಇಷ್ಟು ಹೇಳಿದ ಮೇಲೂ ನನ್ನ ದೊಡ್ಡ ಆಕ್ಷೇಪ ಬೇರೆಯೇ. ಅವಸರದ ವಾಶ್ ಕಾರಿನ ಕಥೆಯನ್ನೇ ಅಳಿಸಿಹಾಕುತ್ತದೆ. ಹಳೆಯ ಇಂಜಿನ್ ಮೇಲಿನ ಜಿಡ್ಡು ಎಲ್ಲಿಂದ ಹೊರಟು ಎಲ್ಲಿಗೆ ಇಳಿದಿದೆ ಎಂಬುದರಲ್ಲಿ ಬೇಕಾದ ಸುದ್ದಿಯೆಲ್ಲ ಇರುತ್ತದೆ. ಈ ಕಾರಿನಲ್ಲಿ ತೂಕ ಮುಂದಕ್ಕೂ ಹಿಂದಕ್ಕೂ ಸಮನಾಗಿ ಬೀಳಲೆಂದು ಇಂಜಿನ್ನನ್ನು ಹಿಂದೆ ಸರಿಸಿ ಕೂರಿಸಿದ್ದಾರೆ, ಬ್ಯಾಟರಿಯನ್ನು ಡಿಕ್ಕಿಗೆ ಹಾಕಿದ್ದಾರೆ. ಹಾಗಾಗಿ ಸಿಲಿಂಡರ್ ಹೆಡ್ಡಿನ ಬೆನ್ನು ಫೈರ್‌ವಾಲ್‌ಗೆ ಅಂಟಿದಂತಿದೆ, ಕೈ ಹೋಗುವುದೇ ಕಷ್ಟ. ಕ್ಯಾಮ್ ಆ್ಯಂಗಲ್ ಸೆನ್ಸರ್ ಇರುವುದು ಆ ಸಂದಿನಲ್ಲೇ. ಅದರ ಓ-ರಿಂಗ್ ವಯಸ್ಸಾಗಿ ಗಟ್ಟಿಯಾದರೆ ಆಯಿಲ್ ಜಿನುಗಿ ಕೆಳಗಿನ ಹೀಟರ್ ಹೋಸಿನ ಮೇಲೆ ಬೀಳುತ್ತದೆ, ಅಲ್ಲಿಂದ ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಇಳಿಯುತ್ತದೆ. ಕಾರಿನ ಅಡಿಯಿಂದ ನೋಡಿದವನು ಕ್ರ್ಯಾಂಕ್‌ನ ಹಿಂಬದಿ ಸೀಲೇ ಹೋಗಿದೆ ಅನ್ನುತ್ತಾನೆ. ಅದನ್ನು ಬದಲಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಓ-ರಿಂಗೋ, ಚಿಲ್ಲರೆ ಕಾಸಿನ ವಸ್ತು. ಈ ಎರಡು ತೀರ್ಮಾನಗಳ ನಡುವೆ ಇರುವುದು ಆ ಸಂದಿನಲ್ಲಿ ಟಾರ್ಚ್ ಬಿಟ್ಟು, ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಒದ್ದೆ ಎಲ್ಲಿ ಶುರುವಾಗಿದೆ ಎಂದು ಹುಡುಕುವ ಕೆಲಸ. ನೀರು ಹೊಡೆದವನಿಗೆ ಆ ಅವಕಾಶವೇ ಇಲ್ಲ. ಅವನ ಎದುರು ಎಲ್ಲ ಕಡೆಯೂ ಒಂದೇ ಹೊಳಪು.

ಹೊಳಪಿನ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಮಿಯಾಟಾದ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಹೊಸತರಲ್ಲಿ ಕಪ್ಪು. ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದಾಯಿತೆಂದರೆ ಪ್ಲಾಸ್ಟಿಕ್ ಪೆಡಸಾಗಿದೆ, ಬಿರಿಯುವ ದಿನ ಹತ್ತಿರ ಬಂದಿದೆ ಎಂದೇ ಈ ಕಾರು ಬಲ್ಲವರು ತಿಳಿಯುತ್ತಾರೆ. ಅದರ ಮೇಲೆ ಡ್ರೆಸ್ಸಿಂಗ್ ಬಳಿದು ಕಪ್ಪಾಗಿಸಿ ಮಾರುವುದು ಕೊಳ್ಳುವವನಿಗೆ ಮಾಡುವ ಮೋಸ. ಕ್ಲಚ್, ಬ್ರೇಕ್ ಮಾಸ್ಟರ್ ಸಿಲಿಂಡರುಗಳ ಕೆಳಗೆ ಪೇಂಟ್ ಗುಳ್ಳೆ ಎದ್ದಿದ್ದರೆ ಬ್ರೇಕ್ ಫ್ಲೂಯಿಡ್ ಸೋರಿದೆ ಎಂದರ್ಥ, ಅದನ್ನೂ ಹೀಗೇ ಮುಚ್ಚುತ್ತಾರೆ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೋದಾಗ ಬಾನೆಟ್ ಅಡಿಯಲ್ಲಿ ಒಣ ಧೂಳು ಕಂಡರೆ ನನಗೆ ಸಮಾಧಾನ. ಅಂದು ಬೆಳಿಗ್ಗೆಯಷ್ಟೇ ಮಿಂದ ಹಾಗಿರುವ ಇಂಜಿನ್ ಕಂಡರೆ ಏನನ್ನು ತೊಳೆದರು ಎಂದು ಕೇಳದೆ ಇರಲಾರೆ. ಸಾಲದ್ದಕ್ಕೆ, ಆ ಸಿಲಿಕೋನ್ ಬೆಲ್ಟಿಗೆ ಬಿದ್ದರೆ ಬೆಲ್ಟು ಜಾರುತ್ತದೆ, ಗಾಳಿಯ ಜೊತೆ ಇಂಜಿನ್ ಒಳಗೆ ಹೋದರೆ ಆಕ್ಸಿಜನ್ ಸೆನ್ಸರ್ ಕೆಡುತ್ತದೆ.

ಹಾಗಾದರೆ ಸರಿಯಾದ ರೀತಿ ಯಾವುದು? ಬ್ರಷ್ಷು, ವೇಸ್ಟ್ ಬಟ್ಟೆ, ನೀರಿನಲ್ಲಿ ಕರಗುವ ಸೌಮ್ಯ ಡಿಗ್ರೀಸರ್, ಜೊತೆಗೆ ಬಿಡುವಿರುವ ಒಂದು ಮಧ್ಯಾಹ್ನ. ಇಂಜಿನ್ ಪೂರ್ತಿ ಆರಿರಬೇಕು. ಡಿಕ್ಕಿ ತೆರೆದು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಮೊದಲು ಒಣ ಬ್ರಷ್ಷಿನಿಂದ ಧೂಳು, ಎಲೆ, ಮರಳು ತೆಗೆಯಬೇಕು, ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ. ಆಮೇಲೆ ಡಿಗ್ರೀಸರನ್ನು ಇಂಜಿನ್ ಮೇಲೆ ಹೊಡೆಯದೆ ಬ್ರಷ್ಷಿಗೆ ಹಾಕಿಕೊಂಡು, ಒಂದೊಂದೇ ತುಂಡು ಜಾಗ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸುತ್ತ ಹೋಗಬೇಕು. ಟ್ಯಾಪೆಟ್ ಕವರ್ ಬರಿಯ ಅಲ್ಯೂಮಿನಿಯಂ. ವೀಲ್ ತೊಳೆಯುವ ಆಸಿಡ್ ಅಥವಾ ಕಾಸ್ಟಿಕ್ ತಾಗಿದರೆ ಬಿಳಿಚಿ ಕಲೆ ಬೀಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಬಾನೆಟ್ ಅಡಿಯ ಸ್ಟಿಕ್ಕರುಗಳ ಹತ್ತಿರಕ್ಕೂ ಡಿಗ್ರೀಸರ್ ಸುಳಿಯಬಾರದು. ವ್ಯಾಕ್ಯೂಮ್ ಪೈಪುಗಳ ದಾರಿ ತೋರಿಸುವ ಚಿತ್ರ ಅವುಗಳಲ್ಲೇ ಇರುತ್ತದೆ. ಮಾಜ್ದಾ 2017ರಲ್ಲಿ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರುಗಳಿಗೆ ರೆಸ್ಟೊರೇಷನ್ ಸೇವೆ ಪ್ರಕಟಿಸಿ, ನಿಲ್ಲಿಸಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. ಕಂಪನಿಯೇ ಅಷ್ಟು ಮುತುವರ್ಜಿ ತೋರಿಸಿದ ಕಾರಿನಲ್ಲಿ ಬೆರಳಿನ ಅವಸರಕ್ಕೆ ಒಂದು ಕನೆಕ್ಟರಿನ ಕೊಕ್ಕೆ ಮುರಿದರೂ ನೋವಾಗಬೇಕು.

ಡ್ರೈ ಐಸ್ ಕ್ಲೀನಿಂಗ್ ಬಗ್ಗೆಯೂ ಕೇಳುತ್ತಾರೆ. ಮೈನಸ್ 78 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್ ಹರಳುಗಳು ಜಿಡ್ಡಿಗೆ ಬಡಿದು ಆವಿಯಾಗಿ ಹೋಗುತ್ತವೆ, ನೀರಿನ ಸೋಂಕಿಲ್ಲ. ಪರಿಣತರ ಕೈಯಲ್ಲಿ ಫಲ ಬೆರಗು ಹುಟ್ಟಿಸುವಂತಿರುತ್ತದೆ. ದುಬಾರಿ, ಮುಚ್ಚಿದ ಗ್ಯಾರೇಜಿನಲ್ಲಿ ಉಸಿರಿಗೆ ಅಪಾಯ. ವೇಗದಲ್ಲಿ ಅದೂ ಜಿಡ್ಡಿನ ಗುರುತುಗಳನ್ನು ಒಟ್ಟಿಗೇ ಅಳಿಸುತ್ತದೆ. ಮಾಡಿಸುವುದಾದರೆ ಮೊದಲು ಎಲ್ಲ ಮೂಲೆಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಬಟ್ಟೆಯಿಂದ ಒರೆಸುವ ಪದ್ಧತಿಗೆ ಇನ್ನೊಂದು ಬಲವಾದ ಕಾರಣ ಕಾರಿನ ಆಚೆಗಿದೆ. ಜಿಡ್ಡು ಬೆರೆತ ನೀರು ಚರಂಡಿಗೆ ಇಳಿದರೆ ಮುಂದೆ ಕೆರೆಗೋ ಹೊಳೆಗೋ ಸೇರುತ್ತದೆ. ಜರ್ಮನಿಯಲ್ಲಿ ಎಣ್ಣೆ ಬೇರ್ಪಡಿಸುವ ತೊಟ್ಟಿ ಇರುವ ಕಡೆ ಮಾತ್ರ ಇಂಜಿನ್ ತೊಳೆಯಬಹುದು. ಅಂಥ ನಿಯಮ ಇಲ್ಲದ ಊರಿನಲ್ಲೂ ಅದನ್ನು ಪಾಲಿಸುವವರನ್ನು ನಾನು ಗೌರವಿಸುತ್ತೇನೆ.

ಎಲ್ಲ ಮುಗಿದ ಮೇಲೆ ಪ್ಲಗ್ ಗುಳಿಗಳಿಗೆ ಹಗುರವಾಗಿ ಗಾಳಿ ಊದಿ, ಬ್ಯಾಟರಿ ಜೋಡಿಸಿ, ಅರ್ಧ ಗಂಟೆ ಕಾರು ಓಡಿಸಿ ಬನ್ನಿ. ವಾರದ ನಂತರ ಮತ್ತೆ ಟಾರ್ಚ್ ಹಿಡಿದು ಹೆಡ್ಡಿನ ಬೆನ್ನು ನೋಡಿ. ಸೆನ್ಸರಿನ ಬುಡ ಒದ್ದೆಯಾಗಿದ್ದರೆ ಓ-ರಿಂಗ್ ಬದಲಿಸಿ. ಕವರಿನ ಅಂಚು ಒದ್ದೆಯಾಗಿದ್ದರೆ ಪ್ಯಾಕಿಂಗ್. ಮೇಲೆಲ್ಲ ಒಣಗಿದ್ದು ಅಡಿಯಿಂದಷ್ಟೇ ತೊಟ್ಟಿಕ್ಕುತ್ತಿದ್ದರೆ ಆಗ ಗೇರ್‌ಬಾಕ್ಸ್ ಇಳಿಸುವ ಮಾತು ಎತ್ತಿ.